ದುಡಿಮೆ ಇವರದ್ದು, ರುಜು ಇನ್ನೊಬ್ಬರದ್ದು: ವೈಟ್ ಹೌಸಿನ ಲೆಕ್ಕದ ಪುಸ್ತಕದಲ್ಲಿ ಸಿಕ್ಕ ಹೆಸರುಗಳು

(ವಾಷಿಂಗ್ಟನ್ ಸುತ್ತಮುತ್ತ ಇರೋ ಕೆಲವು ಕನ್ನಡ ಕುಟುಂಬಗಳು ಸೇರಿದ್ದಾಗ ಮಾತಾಡಿದ್ದು ಇದು. ಬರೋಕಾಗದವರು ಕೇಳಿದ್ರು ಅಂತ ರೆಕಾರ್ಡಿಂಗ್ ಹಾಕ್ಕೊಂಡು ಟೈಪ್ ಮಾಡಿದೀನಿ. ಆಡುಮಾತನ್ನ ಹಾಗೇ ಬಿಟ್ಟಿದೀನಿ.)

ಎಲ್ಲರಿಗೂ ನಮಸ್ಕಾರ.

ಊರಿಂದ ಅಪ್ಪ ಅಮ್ಮನೋ ಅತ್ತೆ ಮಾವನೋ ಬಂದ್ರೆ ಮೊದಲನೇ ಶನಿವಾರ ನಾವೆಲ್ಲ ಅವರನ್ನ ಎಲ್ಲಿಗೆ ಕರ್ಕೊಂಡು ಹೋಗ್ತೀವಿ ಹೇಳಿ, ವೈಟ್ ಹೌಸ್ ಮುಂದಿನ ಆ ಕಬ್ಬಿಣದ ಬೇಲಿ ಹತ್ರ ನಿಲ್ಲಿಸಿ ಒಂದು ಫೋಟೋ ತೆಗೀತೀವಿ, ಹಿಂದೆ ಲಫಾಯೆಟ್ ಪಾರ್ಕಲ್ಲಿ ಸ್ವಲ್ಪ ಹೊತ್ತು ಬೆಂಚಿನ ಮೇಲೆ ಕೂರ್ತೀವಿ, ಆಮೇಲೆ ಮನೆಗೆ. ನಾನೂ ಎಷ್ಟೋ ಸಲ ಹಾಗೇ ಮಾಡಿದೀನಿ. ಒಂದು ಸಲ ನಮ್ಮ ಮಾವ ಕೇಳಿದ್ರು, ಇದನ್ನ ಕಟ್ಟಿದ್ದು ಯಾರಪ್ಪಾ ಅಂತ. ನಾನು ಜೇಮ್ಸ್ ಹೋಬನ್ ಅಂತ ಐರ್ಲೆಂಡಿನ ಆರ್ಕಿಟೆಕ್ಟ್ ಅಂದೆ. ಅವರು ತಮ್ಮ ಕಾಲದಲ್ಲಿ ಗಾರೆ ಕೆಲಸದವರ ಜೊತೆ ನಿಂತು ಮನೆ ಕಟ್ಟಿಸಿದವರು, "ನಕ್ಷೆ ಬರೆದೋನನ್ನ ಕೇಳಲಿಲ್ಲ, ಕಟ್ಟಿದ್ದು ಯಾರು" ಅಂದ್ರು. ನನ್ನ ಹತ್ರ ಉತ್ತರ ಇರಲಿಲ್ಲ. ಅವತ್ತಿಂದ ಓದೋಕೆ ಶುರು ಮಾಡಿದ್ದು.

2016ರಲ್ಲಿ ಮಿಶೆಲ್ ಒಬಾಮಾ ತಮ್ಮ ಭಾಷಣದಲ್ಲಿ, ಗುಲಾಮರು ಕಟ್ಟಿದ ಮನೆಯಲ್ಲಿ ನಾನು ದಿನಾ ಬೆಳಿಗ್ಗೆ ಏಳ್ತೀನಿ ಅಂತ ಹೇಳಿದ್ದು ನಿಮಗೆಲ್ಲ ನೆನಪಿರ್ಬೇಕು. ಆ ಮಾತು ಕೇಳಿ ಎಷ್ಟೋ ಜನಕ್ಕೆ ಶಾಕ್ ಆಯ್ತು. ಆದ್ರೆ ಇದು ಯಾರೋ ಮುಚ್ಚಿಟ್ಟಿದ್ದ ಗುಟ್ಟಲ್ಲ, ಸರ್ಕಾರದ್ದೇ ಲೆಕ್ಕಪತ್ರಗಳಲ್ಲಿ ಇನ್ನೂರು ವರ್ಷದಿಂದ ಬರೆದಿಟ್ಟೇ ಇತ್ತು. ಇವತ್ತು ನಾನು ಮುಖ್ಯವಾಗಿ ಹೇಳ್ಬೇಕು ಅಂದ್ಕೊಂಡಿರೋದು ಆ ಲೆಕ್ಕದ ವಿಷಯನೇ. ಈ ಜನರ ಹೆಸರು ನಮಗೆ ಸಿಗೋದು ಹೆಚ್ಚುಕಮ್ಮಿ ಯಾವಾಗಲೂ ಬೇರೆ ಯಾರೋ ದುಡ್ಡು ತಗೊಂಡ ಜಾಗದಲ್ಲಿ.

ಮೊದಲು ಪದದ ಬಗ್ಗೆ ಒಂದು ಮಾತು. ಕನ್ನಡದಲ್ಲಿ ಇದನ್ನ ಹೇಳುವಾಗ ಜೀತ ಅನ್ನೋ ಪದ ನಾಲಿಗೆಗೆ ಬಂದ್ಬಿಡುತ್ತೆ, ನಮಗೆ ಗೊತ್ತಿರೋ ಕ್ರೌರ್ಯ ಅದು. ಜೀತದಲ್ಲಿ ಸಾಲ ಅನ್ನೋ ಒಂದು ನೆಪ ಇರುತ್ತೆ, ಇಲ್ಲಿ ಆ ನೆಪವೂ ಇರಲಿಲ್ಲ, ಮನುಷ್ಯನೇ ಆಸ್ತಿ, ಗುಲಾಮ ಹೆಂಗಸಿನ ಹೊಟ್ಟೇಲಿ ಹುಟ್ಟೋ ಮಗೂನೂ ಹುಟ್ಟೋ ಮುಂಚೆನೇ ಇನ್ನೊಬ್ಬರ ಆಸ್ತಿ. ಅದಕ್ಕೆ ಗುಲಾಮಗಿರಿ ಅಂತಾನೇ ಹೇಳ್ತೀನಿ. ಇನ್ನೊಂದು, ನಮ್ಮ ಭಾಷೇಲಿ "ಅವನು" "ಅವರು" ಅನ್ನೋದ್ರಲ್ಲೇ ಎಲ್ಲ ಇದೆ. ನಾವು ಓದಿದ ಪಾಠಗಳಲ್ಲಿ ವಾಷಿಂಗ್ಟನ್ "ಅವರು", ಗುಲಾಮ "ಅವನು". ನಾನು ಬಡಗಿ ಪೀಟರ್‌ಗೂ ಅಧ್ಯಕ್ಷ ಜೆಫರ್ಸನ್‌ಗೂ ಒಂದೇ ಬಹುವಚನ ಹಾಕ್ತೀನಿ, ಕಿವಿಗೆ ಸ್ವಲ್ಪ ಹೊಸದು ಅನ್ನಿಸಿದ್ರೆ ಅನ್ನಿಸ್ಲಿ.

ಸರಿ. 1790ರಲ್ಲಿ ಕಾಂಗ್ರೆಸ್ ಹೊಸ ರಾಜಧಾನಿ ಪೊಟೋಮ್ಯಾಕ್ ನದಿ ದಡದಲ್ಲಿ ಆಗ್ಬೇಕು ಅಂತ ತೀರ್ಮಾನ ಮಾಡ್ತು. ಈ ಕಡೆ ಮೇರಿಲ್ಯಾಂಡ್, ಆ ಕಡೆ ವರ್ಜೀನಿಯಾ, ಎರಡೂ ಗುಲಾಮಗಿರಿ ಇದ್ದ ರಾಜ್ಯಗಳು. ಕೆಲಸ ನೋಡ್ಕೊಳ್ಳೋಕೆ ಮೂವರು ಕಮಿಷನರ್‌ಗಳು. ಯುರೋಪಿಂದ ಕೆಲಸದವರನ್ನ ತರಿಸ್ಬೇಕು ಅಂತ ಅವರ ಪ್ಲಾನ್ ಇತ್ತು, ಆದ್ರೆ ಬರೋಕೆ ಒಪ್ಪಿದವರು ತುಂಬ ಕಮ್ಮಿ. 1792ರ ಏಪ್ರಿಲಲ್ಲಿ ಅವರು ಒಂದು ನಿರ್ಣಯ ಬರ್ಕೊಂಡ್ರು: ಒಳ್ಳೆ ದುಡಿಯೋ ನೀಗ್ರೋಗಳನ್ನ ವರ್ಷಕ್ಕೆ ಇಷ್ಟು ಅಂತ ಬಾಡಿಗೆಗೆ ತಗೊಳ್ಳೋದು, ಯಜಮಾನರು ಅವರಿಗೆ ಬಟ್ಟೆ ಮತ್ತು ತಲಾ ಒಂದು ಕಂಬಳಿ ಕೊಡ್ಬೇಕು, ಊಟ ಕಮಿಷನರ್‌ಗಳದ್ದು, ವರ್ಷಕ್ಕೆ 21 ಪೌಂಡ್ ಕೂಲಿ. ಓದೋಕೆ ಮಾಮೂಲಿ ಲೇಬರ್ ಕಾಂಟ್ರಾಕ್ಟ್ ತರ ಇದೆ ಅಲ್ವಾ? ಆ 21 ಪೌಂಡ್ ಹೋಗ್ತಿದ್ದಿದ್ದು ಯಜಮಾನನ ಕೈಗೆ. ದುಡಿದವರಿಗೆ ಬಂದಿದ್ದು ಊಟ, ಬಟ್ಟೆ, ಒಂದು ಕಂಬಳಿ. ಕಂಬಳಿ ಅಂತ ಬರೆದಿರೋ ಆ ಸಾಲನ್ನ ನಾನು ಎಷ್ಟು ಸಲ ಓದಿದೀನೋ ಗೊತ್ತಿಲ್ಲ. ಇಲ್ಲಿನ ಜನವರಿ ಹೇಗಿರುತ್ತೆ ಅಂತ ನಿಮಗೆಲ್ಲ ಗೊತ್ತು.

ಆ ವರ್ಷ ಅಕ್ಟೋಬರ್ 13ಕ್ಕೆ ಅಡಿಗಲ್ಲು ಇಟ್ರು. ಮರ ಕಡಿದು, ಬೊಡ್ಡೆ ಕಿತ್ತು, ನೆಲ ಅಗೆದು, ಅಲ್ಲೇ ಜೇಡಿಮಣ್ಣು ತೆಗೆದು ಅಲ್ಲೇ ಇಟ್ಟಿಗೆ ಸುಟ್ರು. ದಿಮ್ಮಿ ಕೊಯ್ಯೋದು ಹೇಗಿತ್ತು ಅಂದ್ರೆ ನಮ್ಮ ಊರುಗಳಲ್ಲಿ ಸಾಮಿಲ್ ಬರೋಕೆ ಮುಂಚೆ ಇತ್ತಲ್ಲ, ಮೇಲೊಬ್ಬರು ಕೆಳಗೊಬ್ಬರು ನಿಂತು ಗರಗಸ ಎಳೆಯೋದು, ಹಾಗೇ. ಹೊರಗಡೆ ಕಾಣೋ ಕಲ್ಲು ಬಂದಿದ್ದು ವರ್ಜೀನಿಯಾದ ಅಕ್ವಾಯಾ ಕ್ರೀಕ್ ಅನ್ನೋ ಜಾಗದಿಂದ, ಇಲ್ಲಿಂದ ದಕ್ಷಿಣಕ್ಕೆ ಸುಮಾರು 40 ಮೈಲಿ. ಅಲ್ಲಿನ ಕ್ವಾರಿಯಲ್ಲಿ ಕಲ್ಲು ಸೀಳೋ ಕೆಲಸ ಗುಲಾಮರದ್ದು, ಸ್ಕಾಟ್ಲೆಂಡಿನ ಮೇಸ್ತ್ರಿ ಕಾಲೆನ್ ವಿಲಿಯಮ್ಸನ್ ಅವರಿಗೆ ಕಲಿಸಿದ್ದರು. ಸೀಳಿದ ಕಲ್ಲು ದೋಣಿಯಲ್ಲಿ ನದಿ ಮೇಲೆ ಬರ್ತಿತ್ತು. ಅದು ಮರಳುಗಲ್ಲು, ನೀರು ಕುಡಿಯುತ್ತೆ, ಚಳಿಗಾಲದಲ್ಲಿ ಬಿರುಕು ಬಿಡುತ್ತೆ ಅಂತ 1798ರಲ್ಲೇ ಸುಣ್ಣ ಬಳಿದ್ರು. 1814ರಲ್ಲಿ ಬ್ರಿಟಿಷರು ಸುಟ್ಟ ಮಸಿ ಮುಚ್ಚೋಕೆ ಬಿಳಿ ಬಣ್ಣ ಹೊಡೆದ್ರು ಅಂತ ಟೂರಿಸ್ಟ್‌ಗಳಿಗೆ ಹೇಳೋ ಕಥೆ ಇದೆಯಲ್ಲ, ಅದು ಸರಿಯಲ್ಲ, ಆಗಲೇ ಅದು ಬಿಳಿ ಇತ್ತು.

ಇಲ್ಲಿ ನ್ಯಾಯವಾಗಿ ಇನ್ನೊಂದು ಮಾತೂ ಹೇಳ್ಬೇಕು. ಗುಲಾಮರು ಒಬ್ಬರೇ ಕಟ್ಟಿದ್ದು ಅಂತಲ್ಲ. ಸ್ಕಾಟ್ಲೆಂಡಿನ ಕಲ್ಲುಕುಟಿಗರು ಇದ್ರು, ಐರಿಷ್ ಜನ ಇದ್ರು, ಸ್ವತಂತ್ರರಾಗಿದ್ದ ಕಪ್ಪು ಜನರೂ ಕೂಲಿ ಮಾಡಿದ್ರು. ಆದ್ರೆ ಬಾಗಿಲ ಮೇಲಿನ ಗುಲಾಬಿ ಹೂವಿನ ಕೆತ್ತನೆ ಬಗ್ಗೆ ಮಾತಾಡುವಾಗ ಸ್ಕಾಟಿಷ್ ಕಲ್ಲುಕುಟಿಗರನ್ನ ನೆನೆಸ್ಕೊಂಡ ಹಾಗೆ, ಬುನಾದಿ ಅಗೆದವರನ್ನ ನೆನೆಸ್ಕೊಂಡಿರಲಿಲ್ಲ.

ಈಗ ಹೆಸರುಗಳು. ಕಟ್ಟೋ ಕಾಲದ ಬಡಗಿಗಳ ಪಗಾರದ ಪಟ್ಟಿಗಳು ಉಳಿದಿವೆ. ಪೀಟರ್, ಬೆನ್, ಹ್ಯಾರಿ, ಡ್ಯಾನಿಯಲ್. ಬರೀ ಮೊದಲ ಹೆಸರು, ಅದರ ಮುಂದೆ ನೀಗ್ರೋ ಅನ್ನೋ ಗುರುತು. ಇವರಲ್ಲಿ ಕೆಲವರ ಯಜಮಾನ ಯಾರು ಗೊತ್ತಾ? ಸ್ವತಃ ಜೇಮ್ಸ್ ಹೋಬನ್, ನಾನು ನಮ್ಮ ಮಾವನಿಗೆ ಹೆಮ್ಮೆಯಿಂದ ಹೆಸರು ಹೇಳಿದ್ನಲ್ಲ, ಅವರೇ. ಅಂದ್ರೆ ನಕ್ಷೆ ಬರೆದಿದ್ದಕ್ಕೂ ಅವರಿಗೆ ಸಂಬಳ, ಪೀಟರ್ ಉಳಿ ಹಿಡಿದಿದ್ದಕ್ಕೂ ಅವರಿಗೇ ಸಂಬಳ. ಪಟ್ಟಿಯಲ್ಲಿ ದಿನಗಳು ಇವೆ, ದರ ಇದೆ, ದುಡ್ಡು ಪಡೆದವರ ರುಜು ಇದೆ. ಪೀಟರ್ ಅವರಿಗೆ ಮನೆ ಇತ್ತಾ, ಹೆಂಡತಿ ಮಕ್ಕಳು ಇದ್ರಾ, ಆ ಮನೆ ಮುಗಿದ ಮೇಲೆ ಒಂದು ಸಲ ಒಳಗೆ ಹೋಗಿ ನೋಡಿದ್ರಾ, ಅಂಥದ್ದೆಲ್ಲ ಬರೆಯೋಕೆ ಆ ಪಟ್ಟಿಯಲ್ಲಿ ಕಾಲಮ್ ಇಲ್ಲ.

ಈ ಮನೆ ರೆಡಿ ಆಗೋ ತನಕ ಅಧ್ಯಕ್ಷರು ಇದ್ದಿದ್ದು ಫಿಲಡೆಲ್ಫಿಯಾದ ಮಾರ್ಕೆಟ್ ಸ್ಟ್ರೀಟಿನ ಒಂದು ಮನೇಲಿ. ಆ ಕಥೆ ಹೇಳದೆ ಮುಂದೆ ಹೋಗೋಕೆ ನನಗೆ ಮನಸ್ಸಿಲ್ಲ. ವಾಷಿಂಗ್ಟನ್ ಅವರು ಆ ಮನೆಗೆ ಒಂಬತ್ತು ಜನ ಗುಲಾಮರನ್ನ ಕರ್ಕೊಂಡು ಬಂದಿದ್ರು. ಪೆನ್ಸಿಲ್ವೇನಿಯಾದಲ್ಲಿ 1780ರ ಕಾನೂನು ಇತ್ತು, ಹೊರಗಿಂದ ಬಂದವರು ತಮ್ಮ ಗುಲಾಮರನ್ನ ಆರು ತಿಂಗಳಿಗಿಂತ ಹೆಚ್ಚು ಅಲ್ಲಿ ಇಟ್ಕೊಂಡ್ರೆ ಆ ಗುಲಾಮರು ಬಿಡುಗಡೆ ಕೇಳ್ಬಹುದಿತ್ತು. ಅದಕ್ಕೆ ವಾಷಿಂಗ್ಟನ್ ಏನ್ ಮಾಡಿದ್ರು ಅಂದ್ರೆ ಆರು ತಿಂಗಳು ತುಂಬೋ ಮುಂಚೆ ಅವರನ್ನ ರಾಜ್ಯದ ಗಡಿ ದಾಟಿಸಿ ವಾಪಸ್ ಕರ್ಕೊಂಡು ಬರೋದು, ಮತ್ತೆ ಒಂದರಿಂದ ಎಣಿಸೋದು. 1791ರಲ್ಲಿ ತಮ್ಮ ಕಾರ್ಯದರ್ಶಿ ಟೋಬಿಯಾಸ್ ಲಿಯರ್‌ಗೆ ಪತ್ರ ಬರೆದು, ಇದನ್ನ ಗುಲಾಮರಿಗೂ ಜನರಿಗೂ ತಿಳಿಯದ ಹಾಗೆ ಏನಾದ್ರೂ ನೆಪ ಹೇಳಿ ಮಾಡ್ಬೇಕು ಅಂದ್ರು. ಆ ಪತ್ರ ಉಳಿದಿದೆ. ನಾನು ಚಿಕ್ಕವನಿದ್ದಾಗ ಸುಳ್ಳು ಹೇಳದ ಹುಡುಗ ಜಾರ್ಜ್ ಮತ್ತೆ ಚೆರ್ರಿ ಮರ ಅಂತ ಓದಿದ್ದೆ, ಆ ಕಥೆ ಕಟ್ಟುಕತೆ ಅಂತ ಆಮೇಲೆ ಗೊತ್ತಾಯ್ತು, ಈ ಪತ್ರ ಕಟ್ಟುಕತೆ ಅಲ್ಲ.

ಆ ಒಂಬತ್ತು ಜನರಲ್ಲಿ ಒಬ್ಬರು ಓನಾ ಜಡ್ಜ್. ಮಾರ್ಥಾ ವಾಷಿಂಗ್ಟನ್ ಅವರ ಬಟ್ಟೆ, ತಲೆ, ಹೊಲಿಗೆ ಎಲ್ಲ ನೋಡ್ಕೊಳ್ತಿದ್ದವರು, ಇಪ್ಪತ್ತೆರಡರ ಆಸುಪಾಸು ವಯಸ್ಸು. ತನ್ನನ್ನ ಮಾರ್ಥಾ ಅವರ ಮೊಮ್ಮಗಳಿಗೆ ಕೊಡ್ತಾರೆ ಅಂತ ಗೊತ್ತಾಯ್ತು. 1796ರ ಮೇ 21, ಮನೆಯವರೆಲ್ಲ ವರ್ಜೀನಿಯಾಗೆ ಹೋಗೋಕೆ ಗಂಟುಮೂಟೆ ಕಟ್ತಾ ಇದ್ರು, ಓನಾ ಅವರೂ ಕಟ್ಟಿದ್ರು, ಎಲ್ಲಿಗೆ ಅಂತ ಅವರಿಗೇ ಗೊತ್ತಿರಲಿಲ್ಲ. ಯಜಮಾನರು ಊಟಕ್ಕೆ ಕೂತಿದ್ದಾಗ ಬಾಗಿಲು ದಾಟಿ ಹೋಗ್ಬಿಟ್ರು. ಮುಂದೆ ಪೇಪರಲ್ಲಿ ಜಾಹೀರಾತು ಬಂತು, ಹಿಡಿದು ಕೊಟ್ಟವರಿಗೆ 10 ಡಾಲರ್. ಮುಖದ ಮೇಲೆ ಚುಕ್ಕೆಗಳು, ತುಂಬ ಕಪ್ಪಾದ ಕಣ್ಣು, ಗುಂಗುರು ಕೂದಲು ಅಂತೆಲ್ಲ ವರ್ಣನೆ, ಜೊತೆಗೆ ಓಡಿಹೋಗೋಕೆ ಅವಳಿಗೆ ಯಾವ ಕಾರಣನೂ ಇರಲಿಲ್ಲ ಅನ್ನೋ ಅರ್ಥದ ಒಂದು ಸಾಲು. ಕಾರಣ ಇರಲಿಲ್ಲವಂತೆ!

ಹಡಗಲ್ಲಿ ನ್ಯೂ ಹ್ಯಾಂಪ್‌ಶೈರಿನ ಪೋರ್ಟ್ಸ್‌ಮತ್ ಸೇರಿದ್ರು. ಕರ್ಕೊಂಡು ಹೋದ ಕ್ಯಾಪ್ಟನ್ ಹೆಸರನ್ನ ಆತ ಸಾಯೋ ತನಕ ಬಾಯಿಬಿಡಲಿಲ್ಲ, ಆತನಿಗೆ ತೊಂದರೆ ಆಗ್ಬಾರ್ದು ಅಂತ. ವಾಷಿಂಗ್ಟನ್ ಎರಡು ಸಲ ಜನ ಕಳಿಸಿದ್ರು ವಾಪಸ್ ಕರ್ಕೊಂಡು ಬರೋಕೆ, ಆಗಲಿಲ್ಲ. ಓನಾ ಅಲ್ಲೇ ಮದುವೆ ಆದ್ರು, ಮಕ್ಕಳಾದ್ರು, ಗಂಡ ಹೋದ್ರು, ಮಕ್ಕಳೂ ಕಣ್ಮುಂದೆ ಹೋದ್ರು, ಬಡತನ. 1840ರ ದಶಕದಲ್ಲಿ ಪೇಪರಿನವರು ಹುಡುಕ್ಕೊಂಡು ಬಂದು ಕೇಳಿದ್ರು, ಅಷ್ಟು ಸುಖದ ಮನೆ ಬಿಟ್ಟು ಬಂದು ಇಷ್ಟು ಕಷ್ಟಪಟ್ರಲ್ಲ, ಬೇಜಾರಿಲ್ವಾ ಅಂತ. ಇಲ್ಲ, ನಾನು ಸ್ವತಂತ್ರಳು ಅಂದ್ರು. ಕಾನೂನಿನ ಪ್ರಕಾರ 1848ರಲ್ಲಿ ಸಾಯೋ ದಿನಾನೂ ಅವರು ಓಡಿಹೋದ ಗುಲಾಮಳೇ. ಅವರ ಹೆಸರು ಊರ ಜನರ ಮುಂದೆ ಬಂದಿದ್ದು 10 ಡಾಲರ್ ಜಾಹೀರಾತಲ್ಲಿ, ಆದ್ರೆ ಕೊನೇ ಮಾತು ಅವರ ಬಾಯಿಂದಲೇ ಬಂತು. ಆ ಫಿಲಡೆಲ್ಫಿಯಾ ಮನೆಯ ಜಾಗದ ಪಕ್ಕದಲ್ಲೇ ಅಮೆರಿಕದ ಸ್ವಾತಂತ್ರ್ಯದ ಗುರುತಾಗಿರೋ ಗಂಟೆ, ಲಿಬರ್ಟಿ ಬೆಲ್ ನೋಡೋಕೆ ಜನ ಸಾಲು ನಿಲ್ತಿದ್ರು, ಇತಿಹಾಸಕಾರರು, ಅಲ್ಲಿನ ಕಪ್ಪು ಸಮುದಾಯದವರು ವರ್ಷಗಟ್ಟಲೆ ಹೋರಾಡಿದ ಮೇಲೆ 2010ರಲ್ಲಿ ಆ ಒಂಬತ್ತು ಜನರ ಹೆಸರಿರೋ ಸ್ಮಾರಕ ಆಯ್ತು.

ವೈಟ್ ಹೌಸಿಗೆ ವಾಪಸ್ ಬರೋಣ. 1800ರ ನವೆಂಬರಲ್ಲಿ ಮೊದಲು ಬಂದು ಇದ್ದ ಜಾನ್ ಆಡಮ್ಸ್ ಗುಲಾಮರನ್ನ ಇಟ್ಕೊಂಡವರಲ್ಲ. ಆಮೇಲೆ ಬಂದ ಜೆಫರ್ಸನ್ ಅವರ ಔತಣಗಳು ಫೇಮಸ್, ಫ್ರೆಂಚ್ ಬಾಣಸಿಗ ಹೊನೊರೆ ಜೂಲಿಯನ್ ಹೆಸರು ಎಲ್ಲ ಕಡೆ ಬರುತ್ತೆ. ಆ ಅಡುಗೆಮನೇಲಿ ಒಲೆ ಮುಂದೆ ನಿಂತವರು ವರ್ಜೀನಿಯಾದಲ್ಲಿದ್ದ ಜೆಫರ್ಸನ್ ಅವರ ಮಾಂಟಿಸೆಲೋ ತೋಟದಿಂದ ಕರೆಸಿದ ಗುಲಾಮ ಹುಡುಗೀರು. ಅರ್ಸುಲಾ ಅವರಿಗೆ ಹದಿನಾಲ್ಕು ವರ್ಷ, 1802ರಲ್ಲಿ ಅಲ್ಲೇ ಒಂದು ಗಂಡು ಮಗು ಹೆತ್ರು, ಆಸ್ನೆಟ್ ಅಂತ ಹೆಸರು. ವೈಟ್ ಹೌಸಲ್ಲಿ ಹುಟ್ಟಿದ ಮೊದಲ ಮಗು ಯಾರು ಅಂತ ಕ್ವಿಜ್‌ನಲ್ಲಿ ಕೇಳಿದ್ರೆ ಜೆಫರ್ಸನ್ ಮೊಮ್ಮಗ, 1806 ಅಂತ ಉತ್ತರ ಬರುತ್ತೆ. ಅದಕ್ಕೂ ನಾಲ್ಕು ವರ್ಷ ಮುಂಚೆ ಈ ಕೂಸು ಹುಟ್ಟಿತ್ತು, ಹೆಚ್ಚು ದಿನ ಬದುಕಲಿಲ್ಲ.

ಅರ್ಸುಲಾ ನಂತರ ಬಂದವರು ಈಡಿತ್, ಹದಿನೈದು ವರ್ಷ. ಜೂಲಿಯನ್ ಕೈಕೆಳಗೆ ಕಲಿತು ಆರೇಳು ವರ್ಷ ಅಡುಗೆ ಮಾಡಿದ್ರು. ಸಂಬಳ ಇಲ್ಲ, ತಿಂಗಳಿಗೆ ಎರಡು ಡಾಲರ್ ಭಕ್ಷೀಸು. ಗಂಡ ಜೋ ಫಾಸೆಟ್ ಮಾಂಟಿಸೆಲೋದಲ್ಲಿ ಕಮ್ಮಾರ, ನೂರು ಮೈಲಿಗಿಂತ ದೂರ. 1806ರ ಜುಲೈನಲ್ಲಿ ಜೋ ಯಾರಿಗೂ ಹೇಳದೆ ಹೊರಟುಬಿಟ್ರು. ಜೆಫರ್ಸನ್ ಆಗ ಮಾಂಟಿಸೆಲೋದಲ್ಲೇ ಇದ್ರು, ಈಡಿತ್ ಹತ್ರನೇ ಹೋಗಿರ್ಬೇಕು ಹಿಡೀರಿ ಅಂತ ವಾಷಿಂಗ್ಟನ್ನಿಗೆ ಪತ್ರ ಬರೆದ್ರು. ಹಿಡಿದೂ ಹಿಡಿದ್ರು, ಅಧ್ಯಕ್ಷರ ಮನೆಯಿಂದ ಹೊರಗೆ ಬರ್ತಾ ಇದ್ದಾಗ. ಹೆಂಡತಿ ಮುಖ ನೋಡೋಕೆ ಬಂದವರನ್ನ ಜೈಲಿಗೆ ಹಾಕಿದ್ರು. ಇದನ್ನ ಓದಿದ ದಿನ ನನಗೆ ಊಟ ಸೇರಲಿಲ್ಲ.

ಮುಂದೆ ಜೆಫರ್ಸನ್ ಸತ್ತ ಮೇಲೆ ಉಯಿಲಿನಲ್ಲಿ ಜೋ ಅವರಿಗೆ ಬಿಡುಗಡೆ ಸಿಕ್ತು, ಹೆಂಡತಿ ಮಕ್ಕಳಿಗೆ ಇಲ್ಲ. 1827ರ ಜನವರಿಯಲ್ಲಿ ಮಾಂಟಿಸೆಲೋದಲ್ಲಿ ಹರಾಜು. ಹನ್ನೊಂದು ವರ್ಷದ ಮಗ ಪೀಟರ್ ಯಾರದೋ ಪಾಲಾದ. ಜೋ ಅವರು ಸುತ್ತಿಗೆ ಹಿಡಿದು ದುಡಿದು ಹೆಂಡತಿನೂ ಕೆಲವು ಮಕ್ಕಳನ್ನೂ ಬಿಡಿಸ್ಕೊಂಡು ಒಹಾಯೋಗೆ ಹೋದ್ರು, ಆ ಮಗ ಎಷ್ಟೋ ವರ್ಷದ ಮೇಲೆ ಸಿನ್ಸಿನಾಟಿಯಲ್ಲಿ ಅವರನ್ನ ಸೇರ್ಕೊಂಡು ಕೇಟರಿಂಗ್ ಮಾಡಿ ಹೆಸರು ಗಳಿಸಿ ಪಾದ್ರಿ ಆದ್ರು. ಅಮ್ಮ ಅಧ್ಯಕ್ಷರ ಅಡುಗೆಮನೇಲಿ ಕಲಿತ ಕೈರುಚಿ ಕೊನೆಗೆ ಆ ಮನೆಯವರದ್ದೇ ಅನ್ನ ಆಯ್ತು ಅಂತ ನಾನು ಅಂದ್ಕೊಳ್ತೀನಿ.

ಈಗ ನನಗೆ ತುಂಬ ಇಷ್ಟದ ವ್ಯಕ್ತಿ, ಪಾಲ್ ಜೆನಿಂಗ್ಸ್. 1809ರಲ್ಲಿ ಅಧ್ಯಕ್ಷ ಮ್ಯಾಡಿಸನ್ ಜೊತೆ ಅವರ ಗುಲಾಮರಾಗಿ ಈ ಮನೆಗೆ ಬಂದಾಗ ಹತ್ತು ವರ್ಷದ ಹುಡುಗ. 1814ರ ಆಗಸ್ಟ್ 24ರಂದು ಬ್ರಿಟಿಷರು ಊರಿಗೆ ನುಗ್ಗಿದ ದಿನ ಊಟದ ಟೇಬಲ್ ಸಿದ್ಧ ಮಾಡಿದ್ದು ಇವರೇ. ಅಧ್ಯಕ್ಷರ ಹೆಂಡತಿ ಡಾಲಿ ಮ್ಯಾಡಿಸನ್ ಅವರು ಗೋಡೆ ಮೇಲಿದ್ದ ವಾಷಿಂಗ್ಟನ್ನರ ದೊಡ್ಡ ಚಿತ್ರವನ್ನ ಫ್ರೇಮಿಂದ ಕತ್ತರಿಸ್ಕೊಂಡು ಎತ್ತಿಕೊಂಡು ಓಡಿದ್ರು ಅನ್ನೋ ಕಥೆ ನೀವು ಕೇಳಿರ್ತೀರಿ, ಮಕ್ಕಳ ಪುಸ್ತಕಗಳಲ್ಲೂ ಇದೆ. 1865ರಲ್ಲಿ ಜೆನಿಂಗ್ಸ್ ಅವರ ನೆನಪುಗಳು ಒಂದು ಪುಟ್ಟ ಪುಸ್ತಕವಾಗಿ ಬಂತು, ವೈಟ್ ಹೌಸ್ ಒಳಗಿದ್ದವರು ಬರೆದ ಮೊದಲ ನೆನಪಿನ ಪುಸ್ತಕ ಅಂತ ಅದನ್ನ ಕರೀತಾರೆ. ಅದ್ರಲ್ಲಿ ಸ್ಪಷ್ಟವಾಗಿ ಹೇಳಿದಾರೆ, ಆ ಕಥೆ ಪೂರ್ತಿ ಸುಳ್ಳು, ಚಿತ್ರ ಇಳಿಸೋಕೆ ಏಣಿ ಬೇಕಿತ್ತು, ಇಳಿಸಿದ್ದು ಫ್ರೆಂಚ್ ದ್ವಾರಪಾಲಕ ಮತ್ತೆ ತೋಟದ ಮಾಲಿ, ಅಮ್ಮಾವ್ರು ತಗೊಂಡು ಹೋಗಿದ್ದು ಕೈಚೀಲಕ್ಕೆ ತುರುಕಿದ ಬೆಳ್ಳಿ ಸಾಮಾನು ಅಂತ. ನಾನು ಬಡಿಸಿಟ್ಟಿದ್ದ ಊಟವನ್ನ ಬ್ರಿಟಿಷರು ತಿಂದು, ವೈನೂ ಕುಡಿದ್ರು ಅಂತಲೂ ಬರೆದಿದಾರೆ. ಡಾಲಿ ಅವರೇ ಚಿತ್ರ ಉಳಿಸಿ ಅಂತ ಹೇಳಿದ್ದು ನಿಜ, ಅದನ್ನ ಕಮ್ಮಿ ಮಾಡ್ಬೇಕಾಗಿಲ್ಲ, ಆದ್ರೆ ಕೈ ಹಚ್ಚಿದವರು ಯಾರು ಅಂತ ಪಕ್ಕದಲ್ಲಿ ನಿಂತು ನೋಡಿದ ಹುಡುಗ ಹೇಳಿದ್ದನ್ನ ಯಾರೂ ಕಿವಿಗೆ ಹಾಕ್ಕೊಂಡಿರಲಿಲ್ಲ.

ಮ್ಯಾಡಿಸನ್ ತೀರಿಹೋದ ಮೇಲೆ ಡಾಲಿ ಅವರು ಜೆನಿಂಗ್ಸ್ ಅವರನ್ನ ಅಧ್ಯಕ್ಷ ಪೋಕ್ ಅವರ ವೈಟ್ ಹೌಸಿಗೆ ಬಾಡಿಗೆಗೆ ಬಿಟ್ರು, ದುಡ್ಡು ತಾವು ತಗೊಂಡ್ರು. ಮತ್ತೆ ಅದೇ ಮನೆ, ಮತ್ತೆ ಅದೇ ಲೆಕ್ಕ. ಬಿಡುಗಡೆ ಮಾಡ್ತೀನಿ ಅಂತ ಉಯಿಲು ಬರೆದಿದ್ದವರು 1846ರಲ್ಲಿ ಇನ್ನೂರು ಡಾಲರಿಗೆ ಮಾರಿಬಿಟ್ರು. ಮುಂದಿನ ವರ್ಷ ಸೆನೆಟರ್ ಡ್ಯಾನಿಯಲ್ ವೆಬ್‌ಸ್ಟರ್ 120 ಡಾಲರ್ ಕೊಟ್ಟು ಬಿಡಿಸಿದ್ರು, ತಿಂಗಳಿಗೆ ಎಂಟು ಡಾಲರಿನ ಹಾಗೆ ದುಡಿದು ತೀರಿಸೋ ಕರಾರಿನ ಮೇಲೆ. ಡಾಲಿ ಅವರು ಕೊನೆಗಾಲದಲ್ಲಿ ಊಟಕ್ಕೂ ಕಷ್ಟಪಡ್ತಿದ್ದಾಗ ವೆಬ್‌ಸ್ಟರ್ ಕಳಿಸಿದ ಬುಟ್ಟಿ ತುಂಬ ಸಾಮಾನನ್ನ ಜೆನಿಂಗ್ಸ್ ಕೊಟ್ಟು ಬರ್ತಿದ್ರು, ಕೆಲವು ಸಲ ತಮ್ಮ ಜೇಬಿಂದ ಚಿಲ್ಲರೆ ಕಾಸೂ ಕೊಡ್ತಿದ್ರು. ತನ್ನನ್ನ ಮಾರಿದವರಿಗೆ. ಇದಕ್ಕೆ ದೊಡ್ಡ ಗುಣ ಅಂತ ಹೇಳಿ ಮುಗಿಸೋಕೆ ನನಗೆ ಆಗಲ್ಲ, ಅದ್ರೊಳಗೆ ಏನಿತ್ತು ಅಂತ ಅವರಿಗೇ ಗೊತ್ತು. 2009ರ ಆಗಸ್ಟ್ 24ರಂದು ಅವರ ವಂಶದವರು ವೈಟ್ ಹೌಸಿಗೆ ಬಂದು ಆ ಚಿತ್ರದ ಮುಂದೆ ನಿಂತ್ರು.

ಉಳಿದವರದ್ದು ಬೇಗ ಹೇಳ್ಬಿಡ್ತೀನಿ. ಮೊದಲ ಹದಿನೆಂಟು ಅಧ್ಯಕ್ಷರಲ್ಲಿ ಹನ್ನೆರಡು ಜನ ಬದುಕಿನ ಯಾವುದೋ ಹಂತದಲ್ಲಿ ಗುಲಾಮರನ್ನ ಇಟ್ಕೊಂಡವರು. ಜ್ಯಾಕ್ಸನ್ ಟೆನೆಸಿಯಿಂದ ಕರೆಸಿದ್ರು. ಪೋಕ್ ಅಧ್ಯಕ್ಷರಾಗಿದ್ದಾಗಲೇ ತಮ್ಮ ಮಿಸಿಸಿಪ್ಪಿ ತೋಟಕ್ಕೆ ಚಿಕ್ಕ ವಯಸ್ಸಿನವರನ್ನ ಗುಟ್ಟಾಗಿ ಕೊಂಡುಕೊಳ್ತಿದ್ರು. 1850ರಲ್ಲಿ ತೀರಿಕೊಂಡ ಝಕಾರಿ ಟೇಲರ್ ಜೊತೆಗೆ ಅಧಿಕಾರದಲ್ಲಿ ಇದ್ದಾಗ ಗುಲಾಮರ ಒಡೆಯರೂ ಆಗಿದ್ದ ಅಧ್ಯಕ್ಷರ ಸಾಲು ಮುಗೀತು. ಮುಂದಿನ ಸಲ ಲಫಾಯೆಟ್ ಪಾರ್ಕಿಗೆ ಹೋದಾಗ ವಾಯವ್ಯ ಮೂಲೇಲಿ ಇರೋ ಡೆಕೇಟರ್ ಹೌಸ್ ನೋಡಿ, ಅದರ ಹಿಂಭಾಗದಲ್ಲಿ ಗುಲಾಮರು ಮಲಗ್ತಿದ್ದ ಕಟ್ಟಡ ಇವತ್ತಿಗೂ ನಿಂತಿದೆ, ಅಧ್ಯಕ್ಷರ ಮನೆಗೆ ಕೂಗಳತೆ ದೂರ. ಅಲ್ಲೇ ಷಾರ್ಲೆಟ್ ಡುಪಿ ಅನ್ನೋರು 1829ರಲ್ಲಿ ತಮ್ಮ ಯಜಮಾನ, ದೇಶದ ಸೆಕ್ರೆಟರಿ ಆಫ್ ಸ್ಟೇಟ್ ಆಗಿದ್ದ ಹೆನ್ರಿ ಕ್ಲೇ ಮೇಲೇ ಬಿಡುಗಡೆಗೆ ಕೇಸ್ ಹಾಕಿದ್ರು. ಸೋತ್ರು, ಜೈಲಿಗೂ ಹೋದ್ರು, 1840ರಲ್ಲಿ ಬಿಡುಗಡೆ ಸಿಕ್ತು. 2021ರಲ್ಲಿ ಪಾರ್ಕಿನಲ್ಲಿ ಈ ಇತಿಹಾಸ ಹೇಳೋ ಫಲಕಗಳನ್ನ ಹಾಕಿದ್ರು.

ಕೊನೆಗೆ 1862ರ ಏಪ್ರಿಲ್ 16. ಲಿಂಕನ್ ರುಜು ಹಾಕಿದ ಕಾನೂನಿಂದ ಈ ಊರಿನ ಮೂರು ಸಾವಿರಕ್ಕೂ ಹೆಚ್ಚು ಜನಕ್ಕೆ ಬಿಡುಗಡೆ ಆಯ್ತು. ಪರಿಹಾರವೂ ಇತ್ತು, ಒಬ್ಬರಿಗೆ ಸರಾಸರಿ 300 ಡಾಲರ್ ತನಕ, ಯಜಮಾನರಿಗೆ. ಬೆಲೆ ಕಟ್ಟೋಕೆ ಬಾಲ್ಟಿಮೋರಿಂದ ಒಬ್ಬ ಗುಲಾಮರ ವ್ಯಾಪಾರಿಯನ್ನ ಕರೆಸಿದ್ರು. ಯಜಮಾನರು ಅರ್ಜಿ ಹಾಕ್ಬೇಕಿತ್ತು, ಗುಲಾಮರ ಹೆಸರು, ವಯಸ್ಸು, ಮೈಬಣ್ಣ, ಯಾವ ಕೆಲಸ ಬರುತ್ತೆ, ಎಷ್ಟು ಬೆಲೆ ಬಾಳ್ತಾರೆ ಎಲ್ಲ ಬರೆದು. ಇವತ್ತು ತಮ್ಮ ಮುತ್ತಜ್ಜ ಮುತ್ತಜ್ಜಿ ಹೆಸರು ಹುಡುಕೋ ಕುಟುಂಬಗಳಿಗೆ ಸಿಗೋದು ಇವೇ ಅರ್ಜಿಗಳು, ಅಂದ್ರೆ ಇಲ್ಲೂ ಹೆಸರು ಸಿಗೋದು ಇನ್ನೊಬ್ಬರು ದುಡ್ಡು ಕೇಳಿದ ಜಾಗದಲ್ಲೇ.

ಆದ್ರೆ ಅದೇ ವರ್ಷ ಜುಲೈನಲ್ಲಿ ಇನ್ನೊಂದು ಕಾನೂನು ಬಂತು, ಯಜಮಾನ ಅರ್ಜಿ ಹಾಕದೇ ಹೋದ್ರೆ ಗುಲಾಮರು ತಾವೇ ಹಾಕ್ಬಹುದು, ಕಪ್ಪು ಜನರ ಸಾಕ್ಷಿಯೂ ಬಿಳಿಯರ ಸಾಕ್ಷಿಯಷ್ಟೇ ನಡೆಯುತ್ತೆ ಅಂತ. ಹಾಗೆ ಹಾಕಿದ ಅರ್ಜಿಗಳೂ ಉಳಿದಿವೆ. ಪೀಟರ್, ಬೆನ್, ಹ್ಯಾರಿ, ಡ್ಯಾನಿಯಲ್ ಹೆಸರು ಬರೆದ ಆ ಬಡಗಿಗಳ ಪಟ್ಟಿ ಆಗಿ ಎಪ್ಪತ್ತು ವರ್ಷ ಹತ್ರ ಹತ್ರ, ಅದೇ ಊರು. ಈ ಹಾಳೆಗಳಲ್ಲಿ ಅರ್ಜಿದಾರರು ಅನ್ನೋ ಜಾಗದಲ್ಲಿ ಅವರದ್ದೇ ಹೆಸರು, ಕೆಳಗೆ ರುಜು ಬರದವರು ಹಾಕಿದ ಗುರುತು.